ಹಗಲು ಕರೆಂಟಿನ ಕಾಲ: ಆದೋನಿ ಸೀಮೆಯಲ್ಲಿ ಬೆಳಕಿನ ಬೆಲೆ



ಬೇಸಿಗೆ ಬಂತೆಂದರೆ ನಮ್ಮ ಆದೋನಿ, ಆಲೂರು, ಕೌತಾಳಂ, ಕೋಸಿಗಿ ಕಡೆಯ ಮನೆಗಳಲ್ಲಿ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ಒಂದು, 'ಏನು ಬಿಸಿಲಪ್ಪಾ ಇದು!' ಇನ್ನೊಂದು, 'ಈ ತಿಂಗಳ ಕರೆಂಟು ಬಿಲ್ಲು ನೋಡಿದಿರಾ?' ಈಚೆಗೆ ಇವೆರಡನ್ನೂ ಜೋಡಿಸಿ ಮೂರನೆಯ ಮಾತೂ ಶುರುವಾಗಿದೆ: 'ಮಾಳಿಗೆ ಮೇಲೆ ಸೋಲಾರ್ ಹಾಕಿಸೋಣವೇ?' ಈ ಪ್ರಶ್ನೆಗೆ ಅಂಗಡಿಯವರು ಕೊಡುವ ಉತ್ತರ ಒಂದು. ನಮ್ಮ ಸೀಮೆಯ ಚರಿತ್ರೆ ಕೊಡುವ ಉತ್ತರ ಸ್ವಲ್ಪ ಬೇರೆ. ಈ ನೆಲದಲ್ಲಿ ಬೆಳಕಿನ ಬೆಲೆಯನ್ನೂ ಅದು ಬರುವ ಹೊತ್ತನ್ನೂ ಬಹುಕಾಲದಿಂದ ಬೇರೆಯವರೇ ಗೊತ್ತುಮಾಡಿದ್ದಾರೆ. ಹೊತ್ತಿನ ವಿಷಯ ಸ್ವಲ್ಪಮಟ್ಟಿಗೆ ನಮ್ಮ ಕೈಗೆ ಬರುತ್ತಿರುವುದು ಈಗಷ್ಟೇ. ಅದನ್ನು ಹೇಗೆ ಬಳಸಿಕೊಳ್ಳುತ್ತೇವೆ ಎಂಬುದರ ಮೇಲೆಯೇ ಸೋಲಾರಿನ ಲಾಭ ನಿಂತಿದೆ.

ಮೊದಲು ಮಾಳಿಗೆಯಿಂದಲೇ ಶುರುಮಾಡೋಣ. ಬಳ್ಳಾರಿ–ಆದೋನಿ ಸೀಮೆಯ ಹಳೆಯ ಮನೆಗಳದು ಮಣ್ಣಿನ ಮಾಳಿಗೆ. ತೊಲೆ, ಜಂತಿ, ಅದರ ಮೇಲೆ ಕಡ್ಡಿ-ಸೊಪ್ಪು, ಅದರ ಮೇಲೆ ಮಣ್ಣಿನ ಹಾಸು. ಗೋಡೆ ದಪ್ಪ, ಕಿಟಕಿ ಕಡಿಮೆ. ಒಳಗೆ ತಂಪು, ಆದರೆ ಕತ್ತಲು. ಅದಕ್ಕೇ ನಡುಮನೆಯ ನೆತ್ತಿಯಲ್ಲಿ ಒಂದು ಬೆಳಕಿಂಡಿ. ಬೆಳಗಿನ ಬಿಸಿಲು ಆ ಕಿಂಡಿಯಿಂದ ಒಂದು ಕೋಲಿನಂತೆ ಇಳಿದು ನೆಲದ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಅದು ಎಲ್ಲಿಗೆ ಬಂದಿದೆ ಎಂದು ನೋಡಿ ಹೊತ್ತು ಹೇಳುವ ಅಜ್ಜಿಯರಿದ್ದರು. ಕಾಳು ಹಸನು ಮಾಡುವುದು, ಬಟ್ಟೆ ಹೊಲಿಯುವುದು, ಮಕ್ಕಳ ತಲೆ ನೋಡುವುದು ಎಲ್ಲವೂ ಆ ಬೆಳಕಿನ ಕೆಳಗೇ. ಮಾಳಿಗೆಯ ಮೇಲೆ ಮೆಣಸಿನಕಾಯಿ, ಶೇಂಗಾ, ಹಪ್ಪಳ, ಸಂಡಿಗೆ ಒಣಗುತ್ತಿದ್ದವು. ಒಟ್ಟಿನಲ್ಲಿ ಹಗಲಿನ ಕೆಲಸ ಹಗಲಲ್ಲೇ ಮುಗಿಯಬೇಕು, ಏಕೆಂದರೆ ಸಂಜೆಯ ನಂತರದ ಬೆಳಕಿಗೆ ದುಡ್ಡು ಬೇಕು. ಬುಡ್ಡಿಗೆ ಹಾಕುವ ಎಣ್ಣೆ ಮೊದಲು ಗಾಣದಿಂದ ಬರುತ್ತಿತ್ತು, ಆಮೇಲೆ ಸೀಮೆಯಿಂದ. ಸೀಮೆಎಣ್ಣೆ ಎಂಬ ಹೆಸರೇ ಅದರ ಬೆಲೆ ಎಲ್ಲಿ ನಿರ್ಧಾರವಾಗುತ್ತಿತ್ತು ಎಂದು ಹೇಳಿಬಿಡುತ್ತದೆ.

ಆಗ ನಾವು ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಯವರು. 1800ರಲ್ಲಿ ನಿಜಾಮರು ಬ್ರಿಟಿಷರಿಗೆ ಬಿಟ್ಟುಕೊಟ್ಟ 'ದತ್ತ ಮಂಡಲ'ದ ಒಂದು ತಾಲೂಕು ಆದೋನಿ. ಮದ್ರಾಸಿನಿಂದ ಹೊರಟ ರೈಲು ಹಳಿ ಗುಂತಕಲ್ಲು, ಆದೋನಿ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮುಂಬಯಿ ಕಡೆಯ ಹಳಿಯನ್ನು ಸೇರಿತು. ಎರೆಹೊಲದ ಹತ್ತಿ ಮೂಟೆಮೂಟೆಯಾಗಿ ಹೊರಗೆ ಹೋಗಲು ದಾರಿಯಾಯಿತು. ಐದೇ ವರ್ಷಕ್ಕೆ 1876–78ರ ಮಹಾ ಬರ ಬಂತು. ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ರೈಲಿನಲ್ಲಿ ಧಾನ್ಯ ಬಂದಿತ್ತು, ಆದರೆ ಆ ಬೆಲೆಗೆ ಕೊಳ್ಳಲು ಜನರ ಕೈಯಲ್ಲಿ ಕಾಸಿರಲಿಲ್ಲ. ವಸ್ತು ಕಣ್ಣೆದುರಿಗೇ ಇದ್ದೂ ಬೆಲೆ ಕೈಗೆಟುಕದಿರುವುದು ಈ ನೆಲಕ್ಕೆ ಹೊಸದಲ್ಲ. ಆ ಕಾಲದ ಜನರಿಗೆ ಬಿಸಿಲು ಶತ್ರುವೇ ಹೊರತು ಸಂಪತ್ತಲ್ಲ.

ವಿದ್ಯುತ್ತಿನ ಕಥೆ ಕನ್ನಡ ನಾಡಿನಲ್ಲಿ ಶುರುವಾದದ್ದು 1902ರಲ್ಲಿ, ಶಿವನಸಮುದ್ರದಿಂದ. ಕಾವೇರಿಯ ಬಳಿ ಹುಟ್ಟಿದ ಆ ಕರೆಂಟು ನೂರಕ್ಕೂ ಹೆಚ್ಚು ಕಿಲೋಮೀಟರ್ ದಾಟಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ಬೆಳಕು ಸಿಕ್ಕಿದ್ದು ಮೂರು ವರ್ಷ ಬಿಟ್ಟು, 1905ರಲ್ಲಿ. ತಂತಿಯ ಕೆಳಗಿನ ಹಳ್ಳಿಗಳ ಸರದಿ ಎಷ್ಟೋ ಕಾಲದ ಮಾತು. ಹುಟ್ಟುವುದು ಒಂದು ಕಡೆ, ಹೋಗುವುದು ಇನ್ನೊಂದು ಕಡೆ. ಈ ಮಾದರಿಯನ್ನು ನೆನಪಿಟ್ಟುಕೊಳ್ಳಿ, ಮುಂದೆಯೂ ಇದೇ ಬರುತ್ತದೆ.

ನಮ್ಮ ಕಡೆಗೆ ದೊಡ್ಡ ಬದಲಾವಣೆ ತಂದದ್ದು ತುಂಗಭದ್ರೆ. 1945ರ ಫೆಬ್ರವರಿ 28ರಂದು ನದಿಯ ಎರಡು ದಂಡೆಗಳಲ್ಲೂ ಶಂಕುಸ್ಥಾಪನೆ ನಡೆಯಿತು. ಒಂದು ಕಡೆ ಹೈದರಾಬಾದ್ ಸಂಸ್ಥಾನ, ಇನ್ನೊಂದು ಕಡೆ ಮದ್ರಾಸ್ ಸರಕಾರ. ಅಣೆಕಟ್ಟಿನ ನೀರು ಕಾಲುವೆಗೆ ಹರಿದ 1953ರಲ್ಲೇ ಗಡಿಯೂ ಬದಲಾಯಿತು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿ ಕರ್ನೂಲು ಅದರ ರಾಜಧಾನಿಯಾಯಿತು. ಬಳ್ಳಾರಿ ಜಿಲ್ಲೆ ಹೋಳಾಯಿತು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ಮುಂತಾದ ತಾಲೂಕುಗಳು ಮೈಸೂರಿಗೆ, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಒಂದೇ ಮನೆಯ ಅಕ್ಕ ಕರ್ನಾಟಕದವಳು, ತಂಗಿ ಆಂಧ್ರದವಳು. ಅಣೆಕಟ್ಟಿನ ಬುಡದಲ್ಲಿ ತಯಾರಾಗುವ ಕರೆಂಟನ್ನು ಇಂದಿಗೂ ಎರಡು ರಾಜ್ಯಗಳು ಹಂಚಿಕೊಳ್ಳುತ್ತವೆ, ನೀರನ್ನು ತುಂಗಭದ್ರಾ ಮಂಡಳಿ ಅಳೆದು ಬಿಡುತ್ತದೆ. ಆ ವ್ಯವಸ್ಥೆ ಎಷ್ಟು ಸೂಕ್ಷ್ಮ ಎಂದು ನಾವೇ ನೋಡಿದ್ದೇವಲ್ಲ? 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ ಕಾಲುವೆಯ ಕೊನೆಯ ಹೊಲದವರೆಗೂ ಎದೆ ಝಲ್ಲೆಂದಿತ್ತು.

ಹಳೆಯ ಕರ್ನೂಲು ಜಿಲ್ಲೆಯ ಇನ್ನೊಂದು ಅಂಚಿನಲ್ಲಿ ಶ್ರೀಶೈಲ. ಕೃಷ್ಣೆಗೆ ಕಟ್ಟಿದ ಆ ಅಣೆಕಟ್ಟಿನ ಹಿನ್ನೀರಿಗೆ ಕರ್ನೂಲು ಮತ್ತು ಮಹಬೂಬ್‌ನಗರ ಜಿಲ್ಲೆಗಳ ನೂರಕ್ಕೂ ಹೆಚ್ಚು ಹಳ್ಳಿಗಳು ಮುಳುಗಿದವು. 1981ರಲ್ಲಿ ಊರುಗಳನ್ನು ಬಲವಂತವಾಗಿ ಖಾಲಿ ಮಾಡಿಸಿದ್ದನ್ನು ಅಲ್ಲಿಂದ ಬಂದ ಕುಟುಂಬಗಳು ಇನ್ನೂ ಮರೆತಿಲ್ಲ. ಬಲದಂಡೆಯ ವಿದ್ಯುದಾಗಾರವೊಂದರದೇ ಸಾಮರ್ಥ್ಯ 770 ಮೆಗಾವಾಟ್. ಆ ಬೆಳಕಿನಲ್ಲಿ ಓದಿದವರು ನಾವೆಲ್ಲ, ಅದಕ್ಕಾಗಿ ಮನೆ ಬಿಟ್ಟವರು ಬೇರೆಯವರು. ಸೋಲಾರ್ ಫಲಕವನ್ನು ನಮ್ಮದೇ ಮಾಳಿಗೆಯ ಮೇಲೆ ಇಡುವುದರಲ್ಲಿ ನನಗೆ ಕಾಣುವ ಮೊದಲ ನ್ಯಾಯ ಇದು: ಯಾರೂ ಊರು ಬಿಡಬೇಕಾಗಿಲ್ಲ.

ಇನ್ನು ಬೆಲೆಯ ವಿಷಯ. 1983ರಲ್ಲಿ ಅಧಿಕಾರಕ್ಕೆ ಬಂದ ಎನ್.ಟಿ. ರಾಮರಾವ್ ಅವರ ಸರಕಾರ ರೈತರ ಪಂಪ್‌ಸೆಟ್ಟಿಗೆ ಮೀಟರಿನ ಗೊಡವೆಯೇ ಇಲ್ಲದೆ, ವರ್ಷಕ್ಕೆ ಹಾರ್ಸ್‌ಪವರಿಗೆ 50 ರೂಪಾಯಿ ಎಂದು ಗೊತ್ತುಮಾಡಿತು. ಬೋರ್‌ವೆಲ್‌ಗಳು ಹೆಚ್ಚಿದವು, ನೀರು ಕೆಳಗಿಳಿಯಿತು, ವಿದ್ಯುತ್ ಮಂಡಳಿಯ ನಷ್ಟ ಮೇಲೇರಿತು. 1998ರಲ್ಲಿ ವಿದ್ಯುತ್ ಸುಧಾರಣಾ ಕಾಯಿದೆ ಬಂದು ಮಂಡಳಿ ಒಡೆಯಿತು, ಆಯೋಗ ಬಂತು, 2000ದಲ್ಲಿ ದರ ಏರಿತು. ಅದನ್ನು ವಿರೋಧಿಸಿ ಹೈದರಾಬಾದಿನಲ್ಲಿ ಮೆರವಣಿಗೆ ಹೊರಟವರ ಮೇಲೆ ಆಗಸ್ಟ್ 28ರಂದು ಬಶೀರ್‌ಬಾಗಿನಲ್ಲಿ ಗೋಲಿಬಾರ್ ನಡೆದು ಮೂವರು ಪ್ರಾಣ ಕಳೆದುಕೊಂಡರು. ಕರೆಂಟಿನ ಬೆಲೆ ಇಲ್ಲಿ ಜೀವದ ಬೆಲೆಯೂ ಆಗಿದೆ. 2004ರ ಮೇ ತಿಂಗಳಲ್ಲಿ ವೈ.ಎಸ್. ರಾಜಶೇಖರ ರೆಡ್ಡಿ ಮುಖ್ಯಮಂತ್ರಿಯಾದ ದಿನವೇ ರೈತರ ಉಚಿತ ವಿದ್ಯುತ್ತಿನ ಕಡತಕ್ಕೆ ಸಹಿ ಹಾಕಿದ್ದು ಆ ನೆನಪಿನ ಬೆನ್ನಿಗೇ.

ಆದರೆ ಉಚಿತವಾಗಿ ಬಂದ ಕರೆಂಟು ಯಾವ ಹೊತ್ತಿಗೆ ಬಂತು? ಬಹುವರ್ಷ ದಿನಕ್ಕೆ ಏಳು ಗಂಟೆ, ಅದೂ ಸರದಿಯ ಮೇಲೆ. ಎಷ್ಟೋ ಸಲ ನಡುರಾತ್ರಿ. ಟಾರ್ಚ್ ಹಿಡಿದು ಹೊಲಕ್ಕೆ ಹೋಗಿ ಒದ್ದೆ ನೆಲದಲ್ಲಿ ನಿಂತು ಸ್ಟಾರ್ಟರ್ ಒತ್ತಿದವರಲ್ಲಿ ಹಾವು ಕಚ್ಚಿಸಿಕೊಂಡವರು, ಶಾಕ್ ಹೊಡೆದು ಮನೆಗೆ ಬಾರದವರು ನಮ್ಮ ಊರುಗಳಲ್ಲೂ ಇದ್ದಾರೆ. ಬೆಲೆ ಸೊನ್ನೆಯಾದರೂ ಹೊತ್ತು ತಪ್ಪಿದರೆ ಕರೆಂಟು ದುಬಾರಿಯೇ. ಹಗಲಲ್ಲೇ ಒಂಬತ್ತು ಗಂಟೆ ಕೊಡುವ ಮಾತು ಆಂಧ್ರದಲ್ಲಿ ಗಟ್ಟಿಯಾದದ್ದು 2019ರ ನಂತರ. ಅಷ್ಟು ಹೊತ್ತಿಗೆ ರಾಜ್ಯದಲ್ಲಿ ಹಗಲಲ್ಲಿ ತಯಾರಾಗುವ ಕರೆಂಟು ಬೇಕಾದಷ್ಟಿತ್ತು, ಬಿಸಿಲಿನ ಕರೆಂಟು.

ಆ ಬಿಸಿಲಿನ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಬಳಸಲು ಯೋಗ್ಯವಾದ ಮೊದಲ ಸಿಲಿಕಾನ್ ಸೌರಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯ ತೋರಿಸಿದ್ದು 1954ರಲ್ಲಿ. ಬಿದ್ದ ಬೆಳಕಿನ ಶೇ. 6ರಷ್ಟನ್ನು ಮಾತ್ರ ಅದು ವಿದ್ಯುತ್ತಾಗಿಸುತ್ತಿತ್ತು. ಚಿನ್ನದಷ್ಟು ದುಬಾರಿಯಾದ್ದರಿಂದ ಉಪಗ್ರಹಗಳಿಗೆ ಮಾತ್ರ ಮೀಸಲು. 1973ರಲ್ಲಿ ಅರಬ್ ದೇಶಗಳು ತೈಲ ಬಿಗಿಹಿಡಿದು ಬೆಲೆ ಸುಮಾರು ನಾಲ್ಕು ಪಟ್ಟಾದಾಗ ಲೋಕವೆಲ್ಲ ತಲೆಯೆತ್ತಿ ಸೂರ್ಯನ ಕಡೆ ನೋಡಿತು. ನಮ್ಮ ದೇಶದಲ್ಲಿ ಸರಕಾರಿ ಸಂಸ್ಥೆ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ 1977ರಲ್ಲಿ ಮೊದಲ ಸೌರಕೋಶ ತಯಾರಿಸಿತು. ಮನೆಮನೆಗೆ ಅದನ್ನು ಮುಟ್ಟಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ಕರ್ನಾಟಕದ್ದು. 1995ರಲ್ಲಿ ಹರೀಶ್ ಹಂದೆಯವರು ಜೊತೆಗಾರರೊಂದಿಗೆ ಸೆಲ್ಕೋ ಕಂಪನಿ ಕಟ್ಟಿ, ಕರೆಂಟಿಲ್ಲದ ಹಳ್ಳಿಮನೆಗಳಿಗೆ ಎರಡು ನಾಲ್ಕು ದೀಪದ ಸೋಲಾರ್ ಹಾಕಿಸಿದರು. ಅವರ ನಿಜವಾದ ಶೋಧ ಫಲಕವಲ್ಲ, ಸಾಲ. ಗ್ರಾಮೀಣ ಬ್ಯಾಂಕಿನವರನ್ನು ಒಪ್ಪಿಸಿ, ಸೀಮೆಎಣ್ಣೆಗೆ ಕೊಡುವ ದುಡ್ಡನ್ನೇ ಕಂತಾಗಿ ಕಟ್ಟಿಸಿಕೊಂಡರು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಗ್ರಿಡ್ಡಿಗೆ ಜೋಡಿಸಿದ ಮಾಳಿಗೆ ಸೋಲಾರಿಗೂ ಕರ್ನಾಟಕ ಮುಂಚೆಯೇ ಬಾಗಿಲು ತೆರೆಯಿತು. 2013ರಲ್ಲಿ ಅಲ್ಲಿನ ವಿದ್ಯುತ್ ನಿಯಂತ್ರಣ ಆಯೋಗ, ಸಬ್ಸಿಡಿ ಪಡೆಯದ ಮನೆಯವರ ಹೆಚ್ಚುವರಿ ಕರೆಂಟಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ಎಂದು ಗೊತ್ತುಮಾಡಿತ್ತು. ಈಗ ಕೇಳಿದರೆ ನಗು ಬರುವಷ್ಟು ದೊಡ್ಡ ಮೊತ್ತ. ಫಲಕದ ಬೆಲೆ ಬಿದ್ದಂತೆ ಆ ದರವೂ ಬಿತ್ತು.

ಎಷ್ಟು ಬಿತ್ತು ಎಂಬುದಕ್ಕೆ ನಮ್ಮ ಕರ್ನೂಲೇ ಸಾಕ್ಷಿ. 2010ರಲ್ಲಿ ರಾಷ್ಟ್ರೀಯ ಸೌರ ಮಿಷನ್ ಶುರುವಾದಾಗ ಮೊದಲ ಹರಾಜಿನಲ್ಲಿ ಯೂನಿಟ್ ದರ ಸರಾಸರಿ 12 ರೂಪಾಯಿ ಆಸುಪಾಸಿನಲ್ಲಿತ್ತು. 2015ರ ನವೆಂಬರಿನಲ್ಲಿ ಓರ್ವಕಲ್ಲು ಆಚೆಯ ಗನಿ–ಶಕುನಾಲ ಸೋಲಾರ್ ಪಾರ್ಕಿನ ಹರಾಜಿನಲ್ಲಿ ಸನ್‌ಎಡಿಸನ್ ಎಂಬ ಅಮೆರಿಕದ ಕಂಪನಿ 4 ರೂಪಾಯಿ 63 ಪೈಸೆಗೆ ಕೂಗಿ ದೇಶವನ್ನೇ ಬೆರಗುಗೊಳಿಸಿತು. ಆರು ತಿಂಗಳೊಳಗೆ ಆ ಕಂಪನಿಯೇ ದಿವಾಳಿಯಾಯಿತು, ಅದರ ಪಾಲನ್ನು ಗ್ರೀನ್‌ಕೋ ಕೊಂಡಿತು. ಅದು ಬೇರೆ ಕಥೆ. ಪಾರ್ಕು ಮಾತ್ರ 2017ರಲ್ಲಿ ಸಿದ್ಧವಾಯಿತು: ಸುಮಾರು 6,000 ಎಕರೆ, 1,000 ಮೆಗಾವಾಟ್, ಆಗ ಒಂದೇ ಜಾಗದಲ್ಲಿದ್ದ ಸೋಲಾರ್ ಪಾರ್ಕುಗಳಲ್ಲಿ ಜಗತ್ತಿನಲ್ಲೇ ಬಲು ದೊಡ್ಡದು. ಅದಕ್ಕೂ ಮುಂಚೆ, 2013ರ ಡಿಸೆಂಬರ್ 31ರಂದು, ನಮ್ಮ ನೆರೆಯ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟ್ ತಂತಿ ದಕ್ಷಿಣದ ಗ್ರಿಡ್ಡನ್ನು ಉಳಿದ ಭಾರತಕ್ಕೆ ಬೆಸೆದಿತ್ತು. ಹೀಗೆ ನಮ್ಮ ಜಿಲ್ಲೆಯ ಬಿಸಿಲು ಈಗ ಎಲ್ಲಿಯೋ ಒಂದು ಏಸಿಯನ್ನು ಓಡಿಸಬಲ್ಲದು. ಆದರೆ ಆದೋನಿಯ ಮನೆಯ ಬಿಲ್ಲು ಅದರಿಂದ ಇಳಿದದ್ದು ಕಾಣೆ. ಕೋಲಾರದ ಗಣಿಗೆ ಹೋದ ತಂತಿ ನೆನಪಾಯಿತೇ?

ಬಿಲ್ಲು ಇಳಿಯುವುದಿರಲಿ, 2022ರಲ್ಲಿ ಏರಿತು. ಆ ಬೇಸಿಗೆ ಕಲ್ಲಿದ್ದಲಿನ ಕೊರತೆ, ಹೊರದೇಶದಲ್ಲಿ ಯುದ್ಧ, ಆಂಧ್ರದ ಕಾರ್ಖಾನೆಗಳಿಗೆ 'ಪವರ್ ಹಾಲಿಡೇ'. 2022–23ರ ದರಪಟ್ಟಿಯಲ್ಲಿ ಮನೆಬಳಕೆಗೆ ಆರು ಮೆಟ್ಟಿಲು: ಮೊದಲ 30 ಯೂನಿಟ್ಟಿಗೆ ತಲಾ 1.90 ರೂಪಾಯಿ, 75ರವರೆಗೆ 3, 125ರವರೆಗೆ 4.50, 225ರವರೆಗೆ 6, 400ರವರೆಗೆ 8.75, ಅದರಾಚೆ 9.75. ಇದರ ಮೇಲೆ ಹಿಂದಿನ ವರ್ಷಗಳ ಇಂಧನ ವೆಚ್ಚದ ವ್ಯತ್ಯಾಸವನ್ನು 'ಟ್ರೂ-ಅಪ್' ಎಂದೂ ಬೇರೆ ಹೆಸರಿನಿಂದಲೂ ಸೇರಿಸುತ್ತಾರೆ. ಅಂದರೆ ಅಂದು ಸುಟ್ಟ ಕಲ್ಲಿದ್ದಲಿಗೆ ಇಂದು ದುಡ್ಡು.

ಈ ಮೆಟ್ಟಿಲುಗಳನ್ನು ಅರ್ಥಮಾಡಿಕೊಂಡರೆ ಸೋಲಾರ್ ಯಾರಿಗೆ ಎಂಬುದು ತಾನಾಗಿ ತಿಳಿಯುತ್ತದೆ. ತಿಂಗಳಿಗೆ 200 ಯೂನಿಟ್ ಬಳಸುವ ಮನೆಯನ್ನು ತೆಗೆದುಕೊಳ್ಳಿ. ಯೂನಿಟ್ ದರದ ಲೆಕ್ಕವೇ 867 ರೂಪಾಯಿ. ಅದರಲ್ಲಿ ಕೊನೆಯ 75 ಯೂನಿಟ್ಟಿಗೇ 450, ಅರ್ಧಕ್ಕಿಂತ ಹೆಚ್ಚು! 60 ಯೂನಿಟ್ ಬಳಸುವ ಮನೆಯದು 147 ರೂಪಾಯಿ ಅಷ್ಟೇ. ಈಗ 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಆರಂಭಿಸಿದ ಪಿಎಂ ಸೂರ್ಯ ಘರ್ ಯೋಜನೆಯ ಲೆಕ್ಕ ನೋಡಿ. 1 ಕಿಲೋವಾಟಿಗೆ 30,000 ರೂಪಾಯಿ ಸಹಾಯಧನ, 2ಕ್ಕೆ 60,000, 3 ಮತ್ತು ಮೇಲಕ್ಕೆ 78,000. ಮೊದಲ ಎರಡು ಕಿಲೋವಾಟಿಗೆ ತಲಾ 50,000 ಮಾದರಿ ವೆಚ್ಚ ಎಂದಿಟ್ಟುಕೊಂಡು ಈ ಸಹಾಯಧನ ಲೆಕ್ಕಹಾಕಿದ್ದಾರೆ. ಅಂಗಡಿಯ ಬೆಲೆ ಹೆಚ್ಚೂ ಇರಬಹುದು. ನಮ್ಮ ಬಿಸಿಲಿಗೆ 1 ಕಿಲೋವಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 200 ಯೂನಿಟ್ಟಿನ ಮನೆಯವರು 2 ಕಿಲೋವಾಟ್ ಹಾಕಿಸಿ ಕೈಯಿಂದ 40,000 ಕೊಟ್ಟರೆ ನಾಲ್ಕು ವರ್ಷದಲ್ಲಿ ದುಡ್ಡು ವಾಪಸ್. 60 ಯೂನಿಟ್ಟಿನ ಮನೆಯವರು 1 ಕಿಲೋವಾಟಿಗೆ 20,000 ಹಾಕಿದರೆ ಹಿಂದಿರುಗಲು ಹನ್ನೊಂದು ವರ್ಷಕ್ಕೂ ಹೆಚ್ಚು ಬೇಕು. ಅಂಥ ಮನೆಗೆ ನನ್ನ ಸಲಹೆ: ಸಾಲ ಮಾಡಿ ಫಲಕ ಹಾಕಿಸುವ ಮೊದಲು ಹಳೆಯ 75 ವಾಟ್ ಫ್ಯಾನ್ ತೆಗೆದು 28 ವಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿ. ದಿನಕ್ಕೆ 12 ಗಂಟೆ ಓಡುವ ಒಂದು ಫ್ಯಾನಿನಲ್ಲೇ ತಿಂಗಳಿಗೆ 17 ಯೂನಿಟ್ ಉಳಿಯುತ್ತದೆ.

ಪರಿಶಿಷ್ಟ ಜಾತಿ, ಪಂಗಡದ ಮನೆಗಳಿಗೆ 2 ಕಿಲೋವಾಟ್ ಉಚಿತವಾಗಿ ಹಾಕಿಸುವ ಯೋಜನೆಯನ್ನು ಆಂಧ್ರ ಸರಕಾರ ಪ್ರಕಟಿಸಿದೆ, ಹಿಂದುಳಿದ ವರ್ಗಗಳಿಗೆ ಹೆಚ್ಚುವರಿ ಸಹಾಯಧನವನ್ನೂ. ಇಲ್ಲಿ ನಮ್ಮವರು ಗಮನಿಸಬೇಕಾದ ಒಂದು ಸಂಗತಿ ಇದೆ. ಕ್ರೈಸ್ತರಾದ ದಲಿತ ಕುಟುಂಬಗಳನ್ನು ಆಂಧ್ರದಲ್ಲಿ ಬಿ.ಸಿ.–ಸಿ ಎಂದು ಪಟ್ಟಿ ಮಾಡಿದ್ದಾರೆ. ಒಂದೇ ಬೀದಿ, ಒಂದೇ ಬಗೆಯ ಮಾಳಿಗೆ, ಆದರೆ ಪ್ರಮಾಣಪತ್ರ ಬೇರೆ. ನೀವು ಯಾವ ಸಾಲಿಗೆ ಬರುತ್ತೀರಿ ಎಂದು ವಿದ್ಯುತ್ ಕಚೇರಿಯಲ್ಲಿ ಅರ್ಜಿಗೆ ಮುಂಚೆಯೇ ಕೇಳಿ ತಿಳಿದುಕೊಳ್ಳಿ.

ಗಡಿಯಾಚೆಯ ನೆಂಟರ ಮಾತೂ ಬರುತ್ತದೆ. ಸಿರುಗುಪ್ಪದ ಅತ್ತಿಗೆ ಹಬ್ಬಕ್ಕೆ ಬಂದಾಗ, 'ನಮಗೆ ಬಿಲ್ಲೇ ಇಲ್ಲ' ಎನ್ನುತ್ತಾರೆ. ನಿಜ, 2023ರ ಜುಲೈಯಿಂದ ಕರ್ನಾಟಕದಲ್ಲಿ ಗೃಹಜ್ಯೋತಿ ಇದೆ. ಹಿಂದಿನ ಸರಾಸರಿಗೆ ಸ್ವಲ್ಪ ಸೇರಿಸಿ, 200 ಯೂನಿಟ್ ಮೀರದಂತೆ ಉಚಿತ. ಹೊಟ್ಟೆಕಿಚ್ಚು ಪಡುವುದು ಬೇಡ. ಬಿಲ್ಲೇ ಇಲ್ಲದ ಮನೆಗೆ ಫಲಕದಿಂದ ಉಳಿತಾಯವೂ ಇಲ್ಲ, ಹಾಗಾಗಿ ಅವರ ಮಾಳಿಗೆ ಖಾಲಿಯೇ ಉಳಿಯುವ ಸಂಭವ ಹೆಚ್ಚು.

ಹಾಕಿಸಿದ ಮೇಲೆ ಏನು ಮಾಡಬೇಕು? ಫಲಕ ದಕ್ಷಿಣಕ್ಕೆ ಮುಖಮಾಡಿ ಸುಮಾರು 15 ಡಿಗ್ರಿ ಓರೆಯಾಗಿರಲಿ, ನಾವಿರುವ ಅಕ್ಷಾಂಶವೂ ಹೆಚ್ಚುಕಡಿಮೆ ಅಷ್ಟೇ. ನೀರಿನ ಟ್ಯಾಂಕಿನ ನೆರಳು ಒಂದು ಮೂಲೆಗೆ ಬಿದ್ದರೂ ಇಡೀ ಸಾಲು ಸೊರಗಬಹುದು. ಬಿಸಿಲು ಹೆಚ್ಚಿದಷ್ಟೂ ಕರೆಂಟು ಹೆಚ್ಚು ಎಂದು ತಿಳಿಯಬೇಡಿ. ಫಲಕಕ್ಕೆ ಬೆಳಕು ಬೇಕು, ಬೇಗೆ ಬೇಡ. 25 ಡಿಗ್ರಿ ಮೀರಿ ಕಾದ ಪ್ರತಿ ಡಿಗ್ರಿಗೂ ಶೇ. 0.3–0.4ರಷ್ಟು ಶಕ್ತಿ ಕುಂದುತ್ತದೆ, ಮೇ ತಿಂಗಳ ನಡುಹಗಲಿನಲ್ಲಿ ಫಲಕ 60 ಡಿಗ್ರಿ ದಾಟುತ್ತದೆ. ಆದ್ದರಿಂದ ಕೆಳಗೆ ಗಾಳಿಯಾಡಲು ಜಾಗ ಬಿಡಿಸಿ. ಇನ್ನೊಂದು, ಇದನ್ನು ಕೇಳಿ ಎಷ್ಟೋ ಜನ ಬೇಸ್ತುಬೀಳುತ್ತಾರೆ: ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ತಂತಿ ರಿಪೇರಿಗೆ ಕಂಬ ಹತ್ತಿದ ಲೈನ್‌ಮ್ಯಾನ್‌ನ ಜೀವ ಉಳಿಯಲೆಂದೇ ಹಾಗೆ ಮಾಡಿದ್ದಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹೊತ್ತು. ನೆಟ್ ಮೀಟರ್ ಇದ್ದರೆ ಹಗಲು ಹೊರಗೆ ಹೋದ ಯೂನಿಟ್ ರಾತ್ರಿಯ ಲೆಕ್ಕಕ್ಕೆ ವಜಾ ಆಗುತ್ತದೆ, ಸರಿ. ಆದರೆ ವಜಾ ಆಗಿ ಮಿಕ್ಕಿದ ಯೂನಿಟ್ಟಿಗೆ ಕಂಪನಿ ಕೊಡುವ ದರ ನಾವು ಕೊಡುವ ಮೇಲಿನ ಮೆಟ್ಟಿಲಿನ ದರಕ್ಕಿಂತ ಕಡಿಮೆ. ಮೇಲಾಗಿ 2023ರಲ್ಲಿ ತಿದ್ದಿದ ಕೇಂದ್ರದ ಗ್ರಾಹಕ ಹಕ್ಕು ನಿಯಮಗಳ ಪ್ರಕಾರ ಸ್ಮಾರ್ಟ್ ಮೀಟರ್ ಬಂದಲ್ಲಿ ದಿನದ 'ಸೌರ ಗಂಟೆ'ಗಳ ದರ ಮಾಮೂಲಿಗಿಂತ ಕನಿಷ್ಠ ಶೇ. 20 ಕಡಿಮೆಯಿರಬೇಕು, ಸಂಜೆಯ ದರ ಹೆಚ್ಚು. ಅಂದರೆ ಬಾಡಿಗೆ ಮನೆಯವರಿಗೂ, ಫಲಕವೇ ಇಲ್ಲದವರಿಗೂ ಹಗಲು ಅಗ್ಗವಾಗುವ ದಿನ ಬರುತ್ತಿದೆ. ಬೋರ್ ಮೋಟಾರು, ಗ್ರೈಂಡರು, ಇಸ್ತ್ರಿ, ವಾಷಿಂಗ್ ಮೆಷಿನ್ ಇವನ್ನು ಬೆಳಿಗ್ಗೆ ಹತ್ತರಿಂದ ಮೂರರೊಳಗೆ ಮುಗಿಸುವ ಮನೆ ಬೆಳಕಿಂಡಿಯ ಕಾಲದ ಅಜ್ಜಿಯ ಲೆಕ್ಕಕ್ಕೇ ಮರಳಿದಂತೆ. ಈ ದೃಷ್ಟಿಯಲ್ಲಿ ಶಾಲೆಯಷ್ಟು ಸೋಲಾರಿಗೆ ಹೇಳಿಮಾಡಿಸಿದ ಕಟ್ಟಡ ಇನ್ನೊಂದಿಲ್ಲ, ಫ್ಯಾನು ಓಡುವುದೇ ಒಂಬತ್ತರಿಂದ ನಾಲ್ಕರವರೆಗೆ. ದೇವಾಲಯದ್ದು ತಿರುವುಮುರುವು: ಭಾನುವಾರ ಬಿಟ್ಟರೆ ಹಗಲೆಲ್ಲ ಖಾಲಿ. ವ್ಯಾಟಿಕನ್ನಿನಲ್ಲಿ 2008ರಲ್ಲೇ ಆರನೇ ಪೌಲ್ ಸಭಾಭವನದ ಚಾವಣಿಗೆ 2,000ಕ್ಕೂ ಹೆಚ್ಚು ಫಲಕ ಹೊದಿಸಿದಾಗ, ಅಲ್ಲಿ ಮಿಕ್ಕ ಕರೆಂಟು ಅಕ್ಕಪಕ್ಕದ ಕಟ್ಟಡಗಳಿಗೆ ಸಲ್ಲುವಂತೆ ಮಾಡಿದ್ದರು. ನಮ್ಮಲ್ಲಿ ದೇವಾಲಯ, ಶಾಲೆ, ಗುರುಗಳ ಮನೆ ಒಂದೇ ಅಂಗಳದಲ್ಲಿದ್ದರೆ ಮೊದಲ ಫಲಕ ಶಾಲೆಯ ಮೀಟರಿಗೇ ಸೇರಲಿ.

ಕೊನೆಗೆ ನಮ್ಮ ಸೀಮೆಗೇ ವಿಶೇಷವಾದ ತೊಡಕೊಂದು. ಕೋಸಿಗಿ, ಕೌತಾಳಂ, ಮಂತ್ರಾಲಯ, ಆದೋನಿ ಸುತ್ತಿನ ಹಳ್ಳಿಗಳಿಂದ ಸಾವಿರಾರು ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ವಲಸೆ ಹೋಗುತ್ತವೆ. ಇಲ್ಲಿಯ ತೆಲುಗಿನವರೂ ಅದನ್ನು ನಮ್ಮದೇ ಪದದಿಂದ 'ಸುಗ್ಗಿಗೆ ಹೋಗುವುದು' ಎನ್ನುತ್ತಾರೆ, ಸುಗ್ಗಿ ಬೇರೆಯವರ ಹೊಲದ್ದಾದರೂ. ಬೀಗ ಬಿದ್ದ ಆ ಮನೆಗಳ ಮಾಳಿಗೆಯಲ್ಲಿ ಫಲಕವಿದ್ದರೆ, ಬಿಸಿಲು ಚೆನ್ನಾಗಿರುವ ಆ ಮೂರು ನಾಲ್ಕು ತಿಂಗಳ ಕರೆಂಟೆಲ್ಲ ಗ್ರಿಡ್ಡಿಗೆ ಹೋಗಿ ಲೆಕ್ಕಕ್ಕೆ ಜಮೆಯಾಗುತ್ತದೆ. ಆದರೆ ಎರೆಹೊಲದ ಧೂಳು ಹೆಚ್ಚಾಗಿ ಕೂರುವುದೂ ಆಗಲೇ, ಒರೆಸುವವರು ಮನೆಯಲ್ಲಿಲ್ಲ. ಊರಲ್ಲಿ ಉಳಿದ ಯುವಕರು ಒಂದು ಸರದಿ ಪಟ್ಟಿ ಮಾಡಿಕೊಂಡು ಹದಿನೈದು ದಿನಕ್ಕೊಮ್ಮೆ ಆ ಫಲಕಗಳನ್ನು ತೊಳೆಯಬಹುದು. ಬೆಳಿಗ್ಗೆ ಏಳು ಗಂಟೆಗೆ ಮುಂಚೆ ಹೋಗಿ, ಕಾದ ಗಾಜಿನ ಮೇಲೆ ತಣ್ಣೀರು ಬೀಳಬಾರದು. ಸೋಪು ಬೇಡ, ಮೆತ್ತನೆಯ ಬಟ್ಟೆ ಸಾಕು. ಮಣ್ಣಿನ ಮಾಳಿಗೆಯಾದರೆ ಜಂತಿಯ ಮೇಲೆಯೇ ಕಾಲಿಡಿ.